ನಡುಗುವ ಮೊಣಕಾಲು

ಕೇಳುಗರಿಗೆ ನಮಸ್ಕಾರ.

ಕಣ್ಣಿನ ಕೆಲಸ ಮಾಡುವವನನ್ನು ಕರೆದು ಮೈಕಿನ ಮುಂದೆ ಕೂರಿಸಿದ್ದಾರೆ. ಇಪ್ಪತ್ತೆರಡು ವರ್ಷದಿಂದ ನಾನು ಮುಂಬೈಯ ಜಾಹೀರಾತು ಚಿತ್ರಗಳಲ್ಲಿ ಫೋಕಸ್ ಎಳೆಯುವವನು. ನಟ ನಡೆದು ಹತ್ತಿರ ಬಂದ ಹಾಗೆಲ್ಲ ಲೆನ್ಸಿನ ಉಂಗುರ ತಿರುಗಿಸುತ್ತಾ, ಅವನ ಮುಖ ಮಸುಕಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಸರಿಯಾಗಿ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಿದರೆ ಸೆಟ್ಟಿನಲ್ಲಿ ಚಹಾ ಹಂಚುವ ಸ್ಪಾಟ್ ದಾದಾನಿಗೂ ಗೊತ್ತಾಗುತ್ತದೆ.

ಇವತ್ತು ವಿಡಿಯೋ ಗೇಮ್ ಜಾಹೀರಾತಿನ ಮಾತು. ನಾನು ಗೇಮ್ ಆಡುವವನಲ್ಲ. ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗ ಫೋನ್ ಹಿಡಿದು ಬಂದ. "ಮಾವ, ಇದು ಗೇಮಿನ ಜಾಹೀರಾತಂತೆ. ಇದರಲ್ಲಿ ಗೇಮೇ ಇಲ್ಲ. ಹೇಗೆ ತೆಗೆದಿದ್ದಾರೆ ನೋಡಿ ಹೇಳಿ" ಅಂದ. ನೋಡಿದೆ. ಮತ್ತೆ ನೋಡಿದೆ. ತಂಗಿ ಕೊಟ್ಟ ಚಹಾ ಆರಿ ಕೆನೆ ಕಟ್ಟಿತು.

ಅದು ಪ್ಲೇಸ್ಟೇಷನ್ 2 ಎಂಬ, ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರದ ಜಾಹೀರಾತು. ಹೆಸರು 'ಮೌಂಟನ್', ಅಂದರೆ ಬೆಟ್ಟ. 2003ರದ್ದು. ನಿರ್ದೇಶಕ ಫ್ರ್ಯಾಂಕ್ ಬಡ್ಜೆನ್. ಚಿತ್ರೀಕರಣ ನಡೆದದ್ದು ಬ್ರೆಜಿಲ್‌ನ ರಿಯೋ ಡಿ ಜನೈರೋದಲ್ಲಿ. ಮುಂದಿನ ವರ್ಷ ಫ್ರಾನ್ಸಿನ ಕಾನ್ ಜಾಹೀರಾತು ಉತ್ಸವದಲ್ಲಿ ಇದಕ್ಕೆ ಗ್ರ್ಯಾಂಡ್ ಪ್ರಿ ಎಂಬ ದೊಡ್ಡ ಪ್ರಶಸ್ತಿ ಬಂತು.

ಕಥೆ ಅಂತ ಏನೂ ಇಲ್ಲ. ಊರಿನ ಬೀದಿಗಳಿಂದ ಜನ ಓಡಿಬರುತ್ತಾರೆ. ಒಬ್ಬರ ಮೇಲೊಬ್ಬರು ಹತ್ತುತ್ತಾರೆ. ಹತ್ತಿ ಹತ್ತಿ, ಕಟ್ಟಡಗಳ ನಡುವೆ ಮನುಷ್ಯರದೇ ಒಂದು ಬೆಟ್ಟ ಏಳುತ್ತದೆ. ಎಲ್ಲರಿಗೂ ತುದಿಯೇ ಬೇಕು. ತಲುಪಿದವರಿಗೆ ಸಿಗುವುದು ಒಂದು ಕ್ಷಣ. ಅಷ್ಟರಲ್ಲಿ ಹಿಂದಿನವರು ಕಾಲು ಹಿಡಿದು ಎಳೆದಿರುತ್ತಾರೆ.

ಇದನ್ನು ನೋಡಿದ ಮುಂಬೈಯವರಿಗೆ ಏನು ನೆನಪಾಗಬೇಕು ಹೇಳಿ. ದಹೀ ಹಂಡಿ, ಅಲ್ವಾ? ನಮ್ಮ ಉಡುಪಿ ಕಡೆಯವರಿಗೆ ಮೊಸರುಕುಡಿಕೆ. ಆದರೆ ಮಡಕೆ ಒಡೆಯಲು ಏರುವ ನಮ್ಮ ಗೋವಿಂದರಲ್ಲಿ ಒಂದು ಒಪ್ಪಂದ ಇದೆ. ಗಟ್ಟಿಗರು ಕೆಳಗೆ, ಹಗುರ ಇದ್ದವರು ಮೇಲೆ. ಇಲ್ಲಿ ಒಂಬತ್ತು ಥರ, ಅಂದರೆ ಒಂಬತ್ತು ಅಂತಸ್ತು, ಏರಿಸುವ ತಂಡಗಳೂ ಇವೆ. ಅಷ್ಟು ಥರದ ಭಾರ ಹೊತ್ತವನಿಗೆ ಮಡಕೆ ಕಾಣುವುದೇ ಇಲ್ಲ. ಆ ಜಾಹೀರಾತಿನಲ್ಲಿ ಇಂಥ ಒಪ್ಪಂದ ಇಲ್ಲ. ಎಲ್ಲರೂ ಮೇಲಕ್ಕೇ. ಆಟ ಅಂದರೆ ಅದೇ ತಾನೆ. ಗೇಮಿನ ಒಂದು ಚಿತ್ರವನ್ನೂ ತೋರಿಸದೆ ಗೇಮಿನ ಹುಚ್ಚನ್ನು ಹಾಗೆ ತೋರಿಸಿಬಿಟ್ಟಿದ್ದಾರೆ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಅಷ್ಟು ಜನ ಎಲ್ಲಿಂದ ಬಂದರು? ರಿಯೋದಲ್ಲಿ ಕ್ಯಾಮೆರಾ ಮುಂದೆ ನಿಂತವರು ಕೆಲವು ನೂರು ಮಂದಿ. ಉಳಿದವರನ್ನು ಲಂಡನ್ನಿನ ಎಂ.ಪಿ.ಸಿ. ಎಂಬ ಕಂಪನಿ ಕಂಪ್ಯೂಟರಿನಲ್ಲಿ ಹುಟ್ಟಿಸಿತು. ಇಂಥ ಕೆಲಸದಲ್ಲಿ ಒಬ್ಬೊಬ್ಬ ಆಳನ್ನೂ ಕೈಯಿಂದ ಆಡಿಸಲು ಆಗುವುದಿಲ್ಲ. ಓಡು, ಎಡವು, ಎದುರಿಗೆ ಯಾರಾದರೂ ಬಂದರೆ ಪಕ್ಕಕ್ಕೆ ಸರಿ ಅಂತ ಒಂದಿಷ್ಟು ನಡತೆ ಕಲಿಸಿ ಬಿಟ್ಟುಬಿಡುತ್ತಾರೆ. ಗುಂಪು ತನ್ನಷ್ಟಕ್ಕೆ ಗುಂಪಾಗುತ್ತದೆ.

ನಮ್ಮಲ್ಲಿ ಇದಕ್ಕೊಂದು ಬಡವರ ದಾರಿ ಇದೆ. ಪ್ಲೇಟ್ ತೆಗೆಯುವುದು ಅನ್ನುತ್ತೇವೆ. ಒಮ್ಮೆ ಮಢ್ ಐಲ್ಯಾಂಡಿನ ಮೈದಾನದಲ್ಲಿ ಅರವತ್ತು ಜೂನಿಯರ್ ಆರ್ಟಿಸ್ಟುಗಳನ್ನು ಇನ್ನೂರ ನಲವತ್ತು ಮಾಡಬೇಕಿತ್ತು. ಕ್ಯಾಮೆರಾವನ್ನು ಅಲುಗಾಡದಂತೆ ಕಟ್ಟಿ, ಸ್ಟ್ಯಾಂಡಿನ ಕಾಲಿಗೆ ಮರಳು ಚೀಲ ಹಾಕಿದೆವು. ಅರವತ್ತು ಜನರನ್ನು ಎಡಮೂಲೆಗೆ ನಿಲ್ಲಿಸಿ ಒಂದು ಸಲ ತೆಗೆದೆವು. ಆಮೇಲೆ ಅವರ ಶರ್ಟು, ಟೋಪಿ ಅದಲು ಬದಲು ಮಾಡಿ ಪಕ್ಕಕ್ಕೆ ಸರಿಸಿ ಇನ್ನೊಂದು ಸಲ. ಹೀಗೆ ನಾಲ್ಕು ಸಲ. ಎಡಿಟಿಂಗಿನಲ್ಲಿ ನಾಲ್ಕನ್ನೂ ಹೊಲಿದರೆ ಜಾತ್ರೆ ರೆಡಿ. ಆದರೆ ಮೂರನೇ ಸಲಕ್ಕೆ ಮೋಡ ಬಂತು. ಕ್ಯಾಮೆರಾಮನ್ ಕಾಯೋಣ ಅಂದರು. ಮೈದಾನ ಬಾಡಿಗೆಗೆ ಇದ್ದದ್ದು ಆರು ಗಂಟೆವರೆಗೆ ಮಾತ್ರ. ತೆಗೆದೇಬಿಟ್ಟೆವು. ಹೊಲಿದು ನೋಡಿದರೆ ಅರ್ಧ ಜನಕ್ಕೆ ನೆರಳಿದೆ, ಅರ್ಧ ಜನಕ್ಕೆ ಇಲ್ಲ. ಮನುಷ್ಯರೂ ದೆವ್ವಗಳೂ ಒಟ್ಟಿಗೆ ಜಾತ್ರೆಗೆ ಬಂದ ಹಾಗಿತ್ತು!

ಅವತ್ತಿನಿಂದ ದೊಡ್ಡ ಗುಂಪು ಕಂಡರೆ ನಾನು ಮೊದಲು ನೆರಳು ನೋಡುತ್ತೇನೆ. 'ಮೌಂಟನ್' ನೋಡಿದಾಗಲೂ ಹಾಗೇ ಹುಡುಕಿದೆ. ನೆರಳಿನಲ್ಲಿ ಕಳ್ಳತನ ಸಿಗಲಿಲ್ಲ. ಅದರ ಬದಲು ಬೇರೆ ಒಂದು ಸಿಕ್ಕಿತು. ಕಂಪ್ಯೂಟರಿನ ಜನಕ್ಕೆಲ್ಲ ಜಾಗ ದೂರದಲ್ಲಿ. ಲೆನ್ಸಿನ ಹತ್ತಿರ ಬಂದಾಗ ಇರುವುದು ನಿಜವಾದ ಮೈ. ಒಬ್ಬನ ಪಾದ ಇನ್ನೊಬ್ಬನ ಭುಜ ಒತ್ತುತ್ತದೆ. ಶರ್ಟು ಮುದುಡುತ್ತದೆ. ಭಾರ ಬಿದ್ದಾಗ ಮೊಣಕಾಲು ಸಣ್ಣಗೆ ನಡುಗುತ್ತದೆ. ಆ ನಡುಕವನ್ನು ಹತ್ತಿರದಿಂದ ಒಂದು ಸಲ ನೋಡಿದ ಕಣ್ಣು, ಆಮೇಲೆ ದೂರದಲ್ಲಿ ಸಾವಿರ ಜನ ಕಂಡರೆ ಅವರಿಗೂ ಅದೇ ನಡುಕ ಅಂಟಿಸುತ್ತದೆ. ಸುಳ್ಳಿನ ಕೆಲಸವನ್ನು ನೋಡುವವನೇ ಮಾಡಿಕೊಳ್ಳುತ್ತಾನೆ. ಎಡಿಟರ್ ಮಾಡಬೇಕಾದದ್ದು ಹತ್ತಿರದ್ದನ್ನು ಮೊದಲು ಕೊಡುವುದು, ದೂರದ್ದನ್ನು ಜಾಸ್ತಿ ಹೊತ್ತು ನಿಲ್ಲಿಸದೇ ಇರುವುದು, ಅಷ್ಟೇ.

ಬಾನುಲಿಯಲ್ಲಿ ಕೂತು ಸದ್ದಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಇಂಥ ನೂಕಾಟಕ್ಕೆ ನಾವಾಗಿದ್ದರೆ ನಗಾರಿ ಬಾರಿಸುತ್ತಿದ್ದೆವು. ಅವರು ಹಾಕಿದ್ದು ಶರ್ಲಿ ಟೆಂಪಲ್ ಎಂಬ ಬಾಲನಟಿ ಹಾಡಿದ ಹಳೇ ಹಾಡು. ಮಕ್ಕಳೇ, ರೈಲು ಹತ್ತಿ ಎಂದು ಕರೆಯುವ ಹಾಡು. ಬೆಳಿಗ್ಗೆ 8ರ ಫಾಸ್ಟ್ ಲೋಕಲ್ ರೈಲಿಗೆ ನೂಕಾಡಿ ಹತ್ತುವ ಡೊಂಬಿವ್ಲಿಯವರಿಗೆ ಇದರ ತಮಾಷೆ ವಿವರಿಸಬೇಕಿಲ್ಲ. ಹಾಡು ತೆಗೆದು ಚಿತ್ರ ಮಾತ್ರ ನೋಡಿ, ಕಾಲ್ತುಳಿತದ ಸುದ್ದಿ ನೋಡಿದ ಹಾಗೆ ಭಯವಾಗುತ್ತದೆ. ಮಗುವಿನ ದನಿ ಬಂದ ಕೂಡಲೇ ಅದು ಆಟವಾಗುತ್ತದೆ.

ಎಲ್ಲಾ ಜಾಹೀರಾತೂ ಇಷ್ಟು ಹಿಡಿಸಲಿಲ್ಲ. 2010ರಲ್ಲಿ ಕಾಲ್ ಆಫ್ ಡ್ಯೂಟಿ ಬ್ಲ್ಯಾಕ್ ಆಪ್ಸ್ ಎಂಬ ಗೇಮಿಗೆ ಒಂದು ಬಂತು. ಬಾಂಬ್ ಬಿದ್ದ ಊರು. ಬಂದೂಕು ಹಿಡಿದವರು ಸೈನಿಕರಲ್ಲ, ನಮ್ಮ ನಿಮ್ಮಂಥವರು. ಆಫೀಸಿನ ಬಟ್ಟೆಯ ಹೆಂಗಸು, ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದ ಅಡುಗೆಯವನು. ನಡುವೆ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಾಂಟ್ ಕೂಡ. ಇಲ್ಲಿ ಇಡೀ ಉಪಾಯ ಇರುವುದು ಬಟ್ಟೆಯಲ್ಲಿ. ಸಮವಸ್ತ್ರ ಹಾಕಿಸಿದ್ದರೆ ಅದು ಇನ್ನೊಂದು ಯುದ್ಧದ ಸಿನಿಮಾ. ಏಪ್ರನ್ ಬಿಚ್ಚಿಸದೇ ನಿಲ್ಲಿಸಿದ್ದಕ್ಕೆ ಆಡುವವನೇ ಕಾಣುತ್ತಾನೆ. ಜಾಣತನ ಒಪ್ಪಿದೆ. ಆದರೆ ನಮ್ಮಪ್ಪ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಕಾವಲಿ ಮುಂದೆ ನಿಂತವರು. ಆ ಅಡುಗೆಯವನ ಕೈ ನೋಡಿ ನನಗೆ ನಗು ಬರಲಿಲ್ಲ. ಧೂಳು, ಹೊಗೆ, ಒಡೆದ ಗೋಡೆ ಎಲ್ಲ ಅಷ್ಟು ಹತ್ತಿರ, ಅಷ್ಟು ನಿಜ. ಅದರ ಮಧ್ಯೆ ಇವರು ಖುಷಿಯಾಗಿದ್ದಾರೆ. ಹುಡುಗನಿಗೆ ಇದೇ ಜಾಸ್ತಿ ಇಷ್ಟ. ಜಗಳ ಆಡಲಿಲ್ಲ.

ಇನ್ನೊಂದು ತೋರಿಸಿದ. 2007ರ ಹೇಲೋ 3 ಗೇಮಿನದ್ದು. ಅದರಲ್ಲಿ ನಟರೇ ಇಲ್ಲ. ಸುಮಾರು 1,200 ಚದರಡಿಯ ಯುದ್ಧದ ಮಾದರಿಯೊಂದನ್ನು ಕೈಯಿಂದ ಕಟ್ಟಿದ್ದಾರೆ. ಮುಂಬೈಯಲ್ಲಿ ಅಷ್ಟು ಜಾಗಕ್ಕೆ ಸಂಸಾರಗಳು ಕನಸು ಕಾಣುತ್ತವೆ! ಸಣ್ಣ ಸಣ್ಣ ಗೊಂಬೆಗಳು ನಿಂತಲ್ಲೇ ಕಲ್ಲಾಗಿವೆ. ಚಲಿಸುವುದು ಕ್ಯಾಮೆರಾ ಒಂದೇ, ಹಿಂದೆ ಶೊಪ್ಯಾನ್ ಎಂಬ ಹಳೇ ಸಂಗೀತಗಾರನ ಪಿಯಾನೋ. ಗೊಂಬೆಯ ಮುಖದ ಹತ್ತಿರ ಹೋದಷ್ಟೂ ಫೋಕಸ್ ಸಿಗುವ ಜಾಗ ಕಿರಿದಾಗುತ್ತದೆ. ಕಣ್ಣಿಗೆ ಹಿಡಿದರೆ ಕಿವಿ ಮಸುಕು. ಆ ಉಂಗುರ ತಿರುಗಿಸಿದವನ ಬೆರಳನ್ನು ನೆನೆದು ಕೈ ಮುಗಿದೆ.

ಆಮೇಲೆ ಗೋಕುಲಾಷ್ಟಮಿ ಬಂತು. ತಂಗಿಯ ಮನೆಯ ಕೆಳಗೇ ಹಂಡಿ ಕಟ್ಟಿದ್ದರು. ಹುಡುಗ ಐದನೇ ಮಹಡಿಯ ಬಾಲ್ಕನಿಯಿಂದ ಫೋನಿನಲ್ಲಿ ತೆಗೆಯುತ್ತಿದ್ದ. ಎಲ್ಲರೂ ಇರುವೆಗಳ ಹಾಗೆ. "ಕೆಳಗೆ ಹೋಗಿ ತೆಗಿ" ಅಂದೆ. ಅರ್ಧ ಗಂಟೆ ಬಿಟ್ಟು ಮೈಯೆಲ್ಲ ಒದ್ದೆ ಮಾಡಿಕೊಂಡು ಬಂದ. ಫೋನ್ ಕೈಗೆ ಕೊಟ್ಟ. ಎಲ್ಲಕ್ಕಿಂತ ಕೆಳಗೆ ನಿಂತಿದ್ದ ಒಬ್ಬ ಗೋವಿಂದನ ಮೊಣಕಾಲು. ಹನ್ನೆರಡು ಸೆಕೆಂಡು ಅದೊಂದೇ. ಮಡಕೆ ಒಡೆದದ್ದು ಚಿತ್ರದಲ್ಲಿ ಇಲ್ಲ, ಸದ್ದು ಮಾತ್ರ ಇದೆ. ಆ ಸದ್ದಿಗೆ ಮೊಣಕಾಲು ಒಂದು ಸಲ ಜೋರಾಗಿ ನಡುಗಿ ಮಡಚಿಕೊಳ್ಳುತ್ತದೆ.

ಫೋಕಸ್ ಒಂಚೂರು ಹಿಂದೆ ಬಿದ್ದಿತ್ತು. ಅವನಿಗೆ ಹೇಳಲಿಲ್ಲ. ನಮಸ್ಕಾರ.