ಹೊಲಿಗೆ ಮಾಗಿತು, ತೊಡೆ ಕರಗಿತು

ಕೇಳುಗರೆಲ್ಲರಿಗೂ ನಮಸ್ಕಾರ.

ಮೂರು ವರ್ಷದ ಹಿಂದಿನ ಮಾತು. ನಮ್ಮಪ್ಪನಿಗೆ ದೊಡ್ಡ ಕರುಳಿನಲ್ಲಿ ಗಡ್ಡೆ ಇದೆ ಅಂತ ಗೊತ್ತಾಯಿತು. ಹೊಟ್ಟೆ ಕೊಯ್ದು, ಆ ಭಾಗ ತೆಗೆದು, ಕರುಳನ್ನು ಮತ್ತೆ ಜೋಡಿಸಿದರು. ಆಪರೇಷನ್ ಚೆನ್ನಾಗಿ ಆಯಿತು. 12ನೇ ದಿನ ಹೊಲಿಗೆ ಬಿಚ್ಚಿದರು. ಕೀವಿಲ್ಲ, ಜ್ವರವಿಲ್ಲ. ತಿಪಟೂರಿನ ಹತ್ತಿರದ ನಮ್ಮೂರಿಗೆ ಕರೆದುಕೊಂಡು ಬಂದೆವು. ಬಂದವರೆಲ್ಲ ಗಾಯ ನೋಡಿ ಸಮಾಧಾನಪಟ್ಟರು.

ಮಾರನೇ ದಿನ ಬೆಳಿಗ್ಗೆ ಅಪ್ಪ ಪಾಯಖಾನೆಯಿಂದ ಕೂಗಿದರು. ಕೂತವರಿಗೆ ಏಳಲು ಆಗುತ್ತಿರಲಿಲ್ಲ. ಐವತ್ತು ವರ್ಷ ತೆಂಗಿನ ತೋಟದಲ್ಲಿ ದುಡಿದ ಕಾಲು ಅದು. "ನೋವೇನಿಲ್ಲ ಮಗಾ, ಕಾಲಲ್ಲಿ ಬಲವೇ ಇಲ್ಲ" ಅಂದರು. ಎತ್ತಿ ನಿಲ್ಲಿಸುವಾಗ ಅವರ ತೊಡೆ ನನ್ನ ಕೈಗೆ ಸಿಕ್ಕಿತು. ಚರ್ಮ ಜೋಲು ಬಿದ್ದಿತ್ತು. ನಾನು ಫಿಸಿಯೋಥೆರಪಿಸ್ಟ್, ದಿನಾ ರೋಗಿಗಳನ್ನು ಎಬ್ಬಿಸಿ ನಡೆಸುವವಳು. ಆದರೆ ನಮ್ಮಪ್ಪನ ವಿಷಯದಲ್ಲಿ ನಾನೂ ಅಷ್ಟು ದಿನ ಹೊಟ್ಟೆಯನ್ನೇ ನೋಡುತ್ತಿದ್ದೆ, ಕಾಲು ನೋಡಿರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಕೊಯ್ದದ್ದು ಹೊಟ್ಟೆ. ತೊಡೆ ಯಾಕೆ ಕರಗಬೇಕು?

ದೊಡ್ಡ ಗಾಯವಾದಾಗ ಮೈಗೆ ತುರ್ತಾಗಿ ಪ್ರೋಟೀನ್ ಬೇಕು. ಗಾಯ ಕೂಡಿಸಲು, ಸೋಂಕಿನ ವಿರುದ್ಧ ಹೋರಾಡಲು, ಸಕ್ಕರೆ ಒದಗಿಸಲು ಅದು ಬೇಕು. ಕೊಬ್ಬನ್ನು ಮೈ ಕೂಡಿಟ್ಟುಕೊಳ್ಳುತ್ತದೆ. ಪ್ರೋಟೀನಿಗೆ ಅಂಥ ಕಣಜ ಇಲ್ಲ. ಇರುವುದೆಲ್ಲ ಕೆಲಸ ಮಾಡುವ ಸ್ನಾಯುವಿನಲ್ಲೇ. ಹಾಗಾಗಿ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರಿ, ಸ್ನಾಯುವನ್ನೇ ಒಡೆದು ಕೊಡುತ್ತವೆ. ಮನೆಯಲ್ಲಿ ಕಾಳಿಲ್ಲದಾಗ ಉಳುವ ಎತ್ತನ್ನೇ ಮಾರಿದ ಹಾಗೆ. ಸುಮಾರು 1930ರ ಹೊತ್ತಿಗೆ ಗ್ಲಾಸ್ಗೋದಲ್ಲಿ ಡೇವಿಡ್ ಕಥ್‌ಬರ್ಟ್‌ಸನ್ ಎಂಬ ವಿಜ್ಞಾನಿ ಕಾಲಿನ ಮೂಳೆ ಮುರಿದವರ ಮೂತ್ರ ಪರೀಕ್ಷಿಸುತ್ತಿದ್ದರು. ಪ್ರೋಟೀನ್ ಒಡೆದಾಗ ಹೊರಬೀಳುವ ಸಾರಜನಕ ಅದರಲ್ಲಿ ತುಂಬಾ ಜಾಸ್ತಿ ಹೋಗುತ್ತಿತ್ತು. ಪೆಟ್ಟಾದ ಕಾಲೊಂದರಿಂದಲೇ ಅಷ್ಟು ಬರಲು ಸಾಧ್ಯವಿರಲಿಲ್ಲ. ಇಡೀ ಮೈಯ ಸ್ನಾಯು ಕರಗುತ್ತಿತ್ತು.

ಇದರ ಮೇಲೆ ಹಾಸಿಗೆ. 2007ರಲ್ಲಿ ಅಮೆರಿಕದ ಒಂದು ಅಧ್ಯಯನ ಹೊರಬಂತು. ಆರೋಗ್ಯವಾಗಿದ್ದ ಕೆಲವು ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದ್ದರು. ಗಾಯವಿಲ್ಲ, ಕಾಯಿಲೆಯಿಲ್ಲ. ಆದರೂ ಅವರ ಕಾಲುಗಳಿಂದ ಹತ್ತಿರ ಹತ್ತಿರ 1 ಕಿಲೋ ಸ್ನಾಯು ಹೋಗಿತ್ತು. ಸುಮ್ನೆ ಮಲಗಿದ್ದಕ್ಕೇ ಇಷ್ಟು. ಇನ್ನು ಹೊಟ್ಟೆ ಕೊಯ್ಸಿಕೊಂಡು ಮಲಗಿದವರ ಕಥೆ ಏನು?

ಮೂರನೆಯದು ನಮ್ಮ ಪಥ್ಯ. ಇದರ ಬಗ್ಗೆ ನನಗೆ ಹೇಳುವುದು ಜಾಸ್ತಿ ಇದೆ.

ಅಪ್ಪನನ್ನು ನೋಡಿಕೊಳ್ಳಲು ನಮ್ಮ ಸೋದರತ್ತೆ ಬಂದಿದ್ದರು. ಆಸ್ಪತ್ರೆಯಲ್ಲಿ ಇದ್ದಾಗಲೂ ಊಟ ಅವರದೇ. ತೊಗರಿಬೇಳೆ ನಂಜು, ಮೊಟ್ಟೆ ನಂಜು, ಮೊಸರು ಶೀತ, ಕಡಲೆಕಾಯಿ ಪಿತ್ತ. ಉಳಿದದ್ದು ಅಕ್ಕಿಗಂಜಿ, ಉಪ್ಪು. "ಹೊಲಿಗೆ ಕೀವಾದ್ರೆ ಯಾರು ನೋಡ್ತಾರೆ ಕಣೇ?" ಅನ್ನುತ್ತಿದ್ದರು. ಅತ್ತೆಯದು ಬರೀ ಪ್ರೀತಿ. ರಾತ್ರಿಯೆಲ್ಲ ತಮ್ಮನ ಕಾಲು ಒತ್ತುತ್ತಾ ಕೂತವರು. ಆದರೆ ಲೆಕ್ಕ ನೋಡಿ. ದಿನಕ್ಕೆ 150 ಗ್ರಾಂ ಅಕ್ಕಿಯ ಗಂಜಿ ಕುಡಿದರೆ ಸಿಗುವ ಪ್ರೋಟೀನ್ 12 ಗ್ರಾಂ ಅಷ್ಟೇ. ದೊಡ್ಡ ಆಪರೇಷನ್ ಆದವರಿಗೆ ಮೈತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಬೇಕು ಅನ್ನುತ್ತಾರೆ ತಜ್ಞರು. ಅಪ್ಪನ ತೂಕ 60 ಕಿಲೋ. ಅಂದರೆ ಕಡಿಮೆ ಎಂದರೂ 72 ಗ್ರಾಂ. ಹೊಲಿಗೆ ಮಾಗಲು ಬೇಕಾದ ವಸ್ತುವನ್ನೇ ಹೊಲಿಗೆಯ ಹೆಸರಲ್ಲಿ ನಿಲ್ಲಿಸಿಬಿಟ್ಟಿದ್ದೆವು.

ಬದನೆಕಾಯಿ ಬಿಡಿ ಅಂದರೆ ಬಿಡಬಹುದು, ನಷ್ಟವಿಲ್ಲ. ಬೇಳೆ, ಮೊಟ್ಟೆ, ಹಾಲು, ಮೊಸರು ಬಿಡಬೇಡಿ. ಇವುಗಳಿಂದ ಗಾಯ ಕೀವಾಗುವುದಿಲ್ಲ. ಕೀವಾಗುವುದು ರೋಗಾಣುವಿನಿಂದ. ಕರುಳಿನ ಆಪರೇಷನ್ ಆದವರಿಗೆ ಮೊದಲು ಖಾರ, ನಾರು ಕಡಿಮೆ ಇರಲಿ ಎನ್ನುತ್ತಾರೆ ಡಾಕ್ಟರು, ಅದು ಸರಿ. ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿದ ತೊವ್ವೆ ಕೊಡಿ. ಗಂಜಿಗೇ ಹಾಲು ಸೇರಿಸಿ. ಮೊಟ್ಟೆ ತಿನ್ನುವ ಮನೆಯಾದರೆ ಬೇಯಿಸಿದ ಮೊಟ್ಟೆ ಕೊಡಿ, ಒಂದರಲ್ಲಿ 6 ಗ್ರಾಂ ಪ್ರೋಟೀನ್ ಇದೆ. ಹಸಿವು ಕಡಿಮೆ ಇರುತ್ತದೆ, ಒಂದೇ ಸಲ ತಟ್ಟೆ ತುಂಬಾ ಬಡಿಸಬೇಡಿ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಎಷ್ಟು ಪ್ರೋಟೀನ್ ಅಂತ ಡಾಕ್ಟರನ್ನೇ ಕೇಳಬೇಕು.

ತಿಂದರೆ ಸಾಲದು, ಏಳಬೇಕು. ಕೆಲಸವಿಲ್ಲದ ಸ್ನಾಯುವಿಗೆ ತಿಂದದ್ದು ಹತ್ತುವುದಿಲ್ಲ.

ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಈ ದಾರಿ ತೋರಿಸಿದರು. ನೋವನ್ನು ಚೆನ್ನಾಗಿ ತಡೆಯುವುದು, ಬೇಗ ಊಟ ಕೊಡುವುದು, ಬೇಗ ಎಬ್ಬಿಸುವುದು. ಇಂದು ಎಷ್ಟೋ ಆಸ್ಪತ್ರೆಗಳಲ್ಲಿ ಮಾರನೇ ದಿನವೇ ರೋಗಿಯನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ. ನೋಡಿದ ಮನೆಯವರಿಗೆ ಕೋಪ ಬರುತ್ತದೆ. ಹೊಲಿಗೆ ಬಿಚ್ಚಿಕೊಂಡರೆ ಅನ್ನುವ ಭಯ. ಮೆಲ್ಲಗೆ ನಡೆದರೆ ಹೊಲಿಗೆ ಬಿಚ್ಚುವುದಿಲ್ಲ. ಮಲಗೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಕಫ ಎದೆಯಲ್ಲೇ ನಿಂತು ನ್ಯುಮೋನಿಯಾ ಆಗಬಹುದು.

ಏಳುವ ರೀತಿ ಮಾತ್ರ ಗೊತ್ತಿರಬೇಕು. ಅಂಗಾತ ಮಲಗಿ ನೇರವಾಗಿ ಎದ್ದರೆ ಹೊಟ್ಟೆಯ ಮೇಲೆ ಭಾರ ಬೀಳುತ್ತದೆ. ಮಂಡಿ ಮಡಚಿ, ಇಡೀ ಮೈಯನ್ನು ಒಟ್ಟಿಗೆ ಒಂದು ಪಕ್ಕಕ್ಕೆ ಹೊರಳಿಸಿ. ಕಾಲು ಮಂಚದಿಂದ ಕೆಳಗಿಳಿಸಿ. ಮೊಣಕೈ ಊರಿ, ಆಮೇಲೆ ಅಂಗೈ ಊರಿ ಏಳಿ. ಕೆಮ್ಮು ಬಂದರೆ ಒಂದು ದಿಂಬನ್ನು ಗಾಯದ ಮೇಲೆ ಅಪ್ಪಿ ಹಿಡಿದು ಕೆಮ್ಮಿ. ನೋವಿನ ಮಾತ್ರೆ ಹೇಳಿದ ಹೊತ್ತಿಗೆ ತಗೊಳ್ಳಿ. ನೋವು ನುಂಗಿಕೊಂಡು ಮಲಗುವುದು ಧೈರ್ಯ ಅಂತ ನಮ್ಮ ಹಿರಿಯರು ಅಂದುಕೊಂಡಿದ್ದಾರೆ. ನೋವು ಕಡಿಮೆಯಾದರೇನೇ ನಡೆಯಲು ಆಗುವುದು, ಅಲ್ವಾ?

ಅಪ್ಪನಿಗೆ ನಾನು ಮಾಡಿಸಿದ್ದು ಬಹಳ ಸರಳ. ಕೈ ಇರುವ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟೆ. ಕೂತು, ಎದ್ದು, ಮತ್ತೆ ಮೆಲ್ಲಗೆ ಕೂರುವುದು. ಮೊದಲ ದಿನ ಎರಡೇ ಸಲ, ಅದೂ ಕೈ ಊರಿ. ಆಮೇಲೆ ಐದು, ಎಂಟು. ದಿನಕ್ಕೆ ಮೂರು ಹೊತ್ತು. ಏಳುವಾಗ ಉಸಿರು ಬಿಗಿಹಿಡಿಯದೆ ಬಿಡಬೇಕು. ಉಳಿದ ಹೊತ್ತಿನಲ್ಲಿ ಜಗಲಿಯ ಈ ತುದಿಯಿಂದ ಆ ತುದಿಗೆ ನಡಿಗೆ.

ಬಲ ಬಂತು ಅಂತ ಭಾರ ಎತ್ತಬಾರದು. ಹೊಟ್ಟೆಯ ಗೋಡೆ ಒಳಗಿನಿಂದ ಗಟ್ಟಿಯಾಗಲು ವಾರಗಟ್ಟಲೆ ಬೇಕು. ಸಾಮಾನ್ಯವಾಗಿ 6 ವಾರ 4-5 ಕಿಲೋಗಿಂತ ಹೆಚ್ಚು ಎತ್ತಬೇಡಿ ಅನ್ನುತ್ತಾರೆ. 15 ಲೀಟರಿನ ಬಕೆಟ್ ತುಂಬಿದರೆ ನೀರೇ 15 ಕಿಲೋ. ನಮ್ಮ ಹೆಂಗಸರು ಮನೆಗೆ ಬಂದ ವಾರಕ್ಕೇ ಬಿಂದಿಗೆ ಸೊಂಟಕ್ಕೇರಿಸುತ್ತಾರೆ. ದಯವಿಟ್ಟು ಬೇಡ, ಹೊಲಿಗೆಯ ಜಾಗದಲ್ಲಿ ಹರ್ನಿಯಾ ಆಗಬಹುದು. ಒಂದೇ ಕಾಲಿನ ಮೀನಖಂಡ ಊದಿದರೆ, ಉಸಿರು ಕಟ್ಟಿದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ, ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಆಪರೇಷನ್‌ಗೆ ಇನ್ನೂ ಮೂರು ನಾಲ್ಕು ವಾರ ಇದೆಯೇ? ಹಾಗಿದ್ದರೆ ಇವತ್ತೇ ಶುರು ಮಾಡಿ. ನಡೆಯಿರಿ, ಬೇಳೆ ಮೊಟ್ಟೆ ತಿನ್ನಿ, ಬೀಡಿ ಸಿಗರೇಟು ಬಿಡಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ಕರುಳಿನ ಆಪರೇಷನ್‌ಗೆ ಮೊದಲೇ ಹೀಗೆ ತಯಾರಾದವರು, ಆಮೇಲೆ ಶುರು ಮಾಡಿದವರಿಗಿಂತ ನಡಿಗೆಯಲ್ಲಿ ಬೇಗ ಚೇತರಿಸಿಕೊಂಡಿದ್ದರು.

ಕರಗಲು ಹತ್ತು ದಿನ ಸಾಕು. ತುಂಬಲು ತಿಂಗಳುಗಳೇ ಬೇಕು. ಅಪ್ಪ ನಾಲ್ಕನೇ ತಿಂಗಳಲ್ಲಿ ತೋಟಕ್ಕೆ ಹೋಗಿ, ತೆಂಗಿನ ಪಾತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತರು. ಮಂಡಿಯ ಮೇಲೆ ಕೈಯೂರಿ ತಾವೇ ಎದ್ದರು. ತೊಡೆ ಮೊದಲಿನಷ್ಟು ತುಂಬಿಲ್ಲ, ಈಗ ಅವರಿಗೆ 71 ವರ್ಷ. ಅವತ್ತು ಪಾಯಖಾನೆಯ ಗೋಡೆಗೆ ಹಾಕಿಸಿದ ಕಬ್ಬಿಣದ ಹಿಡಿಕೆ ಇನ್ನೂ ಅಲ್ಲೇ ಇದೆ. ತೆಗೆಸುವುದು ಬೇಡ ಅಂತ ನಾನೇ ಹೇಳಿದ್ದೇನೆ.

ನಮಸ್ಕಾರ.