ವೈರ್ ಕೈಬಿಡಬೇಡಿ: ಇಂಟರ್ವೆನ್ಷನಲ್ ರೇಡಿಯಾಲಜಿಯ ಮೊದಲ ಪಾಠ

ನಮಸ್ಕಾರ. ಇಂಟರ್ವೆನ್ಷನಲ್ ರೇಡಿಯಾಲಜಿಗೆ, ಅಂದರೆ ಎಕ್ಸ್-ರೇ, ಸ್ಕ್ಯಾನ್ ಚಿತ್ರ ನೋಡುತ್ತಾ ಸಣ್ಣ ತೂತಿನಿಂದಲೇ ಮಾಡುವ ಚಿಕಿತ್ಸೆಗೆ, ಹೊಸದಾಗಿ ಬಂದವರಿಗೆ ಸ್ಟೆಂಟ್ ಹಾಕುವ ಆಸೆ ಜಾಸ್ತಿ, ಅಲ್ವಾ? ಅದಕ್ಕೂ ಮೊದಲು ಸೂಜಿ, ವೈರ್, ಕ್ಯಾತಿಟರ್ (ರಕ್ತನಾಳದೊಳಗೆ ಬಿಡುವ ಸಪೂರ ಕೊಳವೆ) ಕೈಗೆ ಪಳಗಬೇಕು.

1953ರಲ್ಲಿ ಸ್ವೀಡನ್ನಿನ ರೇಡಿಯಾಲಜಿಸ್ಟ್ ಸ್ವೆನ್ ಇವಾರ್ ಸೆಲ್ಡಿಂಗರ್ ಒಂದು ವಿಧಾನ ಪ್ರಕಟಿಸಿದರು. ಸೂಜಿ ಚುಚ್ಚಿ, ಅದರೊಳಗಿಂದ ವೈರ್ ಬಿಟ್ಟು, ಸೂಜಿ ತೆಗೆದು, ವೈರ್ ಮೇಲಿಂದ ಕ್ಯಾತಿಟರ್ ಇಳಿಸುವುದು. ನಮ್ಮ ಕೆಲಸ ಇವತ್ತಿಗೂ ನಿಂತಿರುವುದು ಇದರ ಮೇಲೆಯೇ.

[ತೆರೆಯ ಮೇಲೆ: ತೊಡೆಸಂದಿಯ ಅಲ್ಟ್ರಾಸೌಂಡ್]

ಪ್ರೋಬ್ ಒತ್ತಿ ನೋಡಿ. ವೇನ್ (ಅಭಿಧಮನಿ) ಚಪ್ಪಟೆಯಾಗುತ್ತದೆ, ಆರ್ಟರಿ (ಅಪಧಮನಿ) ಮಿಡಿಯುತ್ತಲೇ ಇರುತ್ತದೆ. ಆರ್ಟರಿಯನ್ನು ಚುಚ್ಚಬೇಕಾದದ್ದು ತೊಡೆ ಮೂಳೆಯ ತಲೆಯ ಮಟ್ಟದಲ್ಲಿ. ಅಲ್ಲಿ ಒತ್ತಿದರೆ ಹಿಂದೆ ಮೂಳೆಯ ಆಸರೆ ಇರುತ್ತದೆ. ತೀರಾ ಮೇಲೆ ಚುಚ್ಚಿದರೆ ರಕ್ತ ಹೊಟ್ಟೆಯ ಹಿಂಭಾಗಕ್ಕೆ ಸೋರಬಹುದು. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ನನಗೆ ಅತಿ ಹೆಚ್ಚು ಭಯ ಇರುವುದು ಇದರದ್ದೇ.

ಸೂಜಿಯ ತುದಿ ಕಾಣದೆ ಮುಂದೆ ಹೋಗಬೇಡಿ. ರಕ್ತ ಚಿಮ್ಮಿದ ಮೇಲೆ ವೈರ್ ಸಲೀಸಾಗಿ ಹೋಗಬೇಕು. ತಡೆದರೆ ನೂಕಬೇಡಿ, ಫ್ಲೋರೋದಲ್ಲಿ (ಚಲಿಸುವ ಎಕ್ಸ್-ರೇ ಚಿತ್ರದಲ್ಲಿ) ನೋಡಿ. ವೈರ್ ಹಿಂದಕ್ಕೆ ಬರದೆ ಸೂಜಿಯಲ್ಲಿ ಸಿಕ್ಕಿಕೊಂಡರೆ ಎಳೆದಾಡಬೇಡಿ, ಸೂಜಿಯ ಅಂಚಿಗೆ ವೈರ್ ಹರಿಯಬಹುದು. ಎರಡನ್ನೂ ಒಟ್ಟಿಗೇ ಹೊರತೆಗೆದು, ಒತ್ತಿ ಹಿಡಿದು, ಮತ್ತೆ ಶುರು ಮಾಡಿ.

[ಹತ್ತಿರದ ಶಾಟ್: ಎರಡು ಕೈಗಳು, ವೈರ್]

ಈಗ ಸೂಜಿ ತೆಗೆಯುವ ಹೊತ್ತು. ಎಡಗೈಯ ಬೆರಳುಗಳು ಚುಚ್ಚಿದ ಜಾಗವನ್ನು ಒತ್ತಿರಲಿ, ವೈರನ್ನೂ ಹಿಡಿದಿರಲಿ. ಸಲೈನ್‌ನಲ್ಲಿ ನೆನೆಸಿದ ಗಾಜ್‌ನಿಂದ ವೈರ್ ಒರೆಸಿ. ಒಣಗಿದ ರಕ್ತ ಅಂಟಿದರೆ ಕ್ಯಾತಿಟರ್ ಜಾರುವುದಿಲ್ಲ. ಮೊದಲೇ ಸಲೈನ್ ತುಂಬಿಸಿಟ್ಟ ಕ್ಯಾತಿಟರನ್ನು ವೈರ್‌ನ ಹಿಂತುದಿಯಿಂದ ಪೋಣಿಸಿ. ಇಲ್ಲಿ ಸ್ವಲ್ಪ ನಿಲ್ಲಿ. ಕ್ಯಾತಿಟರ್‌ನ ಹಿಂಬದಿಯಿಂದ ವೈರ್ ಹೊರಗೆ ಬಂತಾ? ಅದನ್ನು ಹಿಡಿದುಕೊಂಡ ಮೇಲೆಯೇ ಕ್ಯಾತಿಟರ್ ಒಳಗೆ ನೂಕಿ. ಅವಸರ ಮಾಡಿದರೆ ಇಡೀ ವೈರ್ ರೋಗಿಯ ಒಳಗೆ ಹೋಗಿಬಿಡಬಹುದು. ಈ ಅಭ್ಯಾಸವನ್ನು ಮೇಜಿನ ಮೇಲೆ, ಖಾಲಿ ಕ್ಯಾತಿಟರ್ ಇಟ್ಟುಕೊಂಡು, ಬೇಜಾರಾಗುವಷ್ಟು ಸಲ ಮಾಡಿ.

ಸೈಜ್ ಬಗ್ಗೆ ಒಂದು ಮಾತು. 1 ಫ್ರೆಂಚ್ ಅಂದರೆ ಮಿಲಿಮೀಟರಿನ ಮೂರನೇ ಒಂದು ಭಾಗ. ಕ್ಯಾತಿಟರ್‌ಗೆ ಹೊರ ಅಳತೆ, ಶೀತ್‌ಗೆ (ಚುಚ್ಚಿದ ಜಾಗದಲ್ಲಿ ಇಟ್ಟು, ಒಳಗಿಂದ ಕ್ಯಾತಿಟರ್ ಹಾಯಿಸುವ ಗಿಡ್ಡ ಕೊಳವೆಗೆ) ಒಳ ಅಳತೆ. ಹಾಗಾಗಿ 5 ಫ್ರೆಂಚ್ ಶೀತ್ ಮಾಡುವ ತೂತು 5 ಫ್ರೆಂಚ್‌ಗಿಂತ ದೊಡ್ಡದು.

[ತೆರೆಯ ಮೇಲೆ: ಒತ್ತುವ ಜಾಗ]

ಕೊನೆಗೆ ಶೀತ್ ತೆಗೆದು ಕೈಯಲ್ಲೇ ಒತ್ತುವುದಾದರೆ, ಚರ್ಮದ ತೂತಿಗಿಂತ ಸ್ವಲ್ಪ ಮೇಲೆ ಒತ್ತಿ. ಸೂಜಿ ಓರೆಯಾಗಿ ಹೋಗಿರುವುದರಿಂದ ಆರ್ಟರಿಯ ತೂತು ಇರುವುದು ಅಲ್ಲಿ. ಸಾಮಾನ್ಯವಾಗಿ 15ರಿಂದ 20 ನಿಮಿಷ ಬೇಕು. ರಕ್ತ ನಿಂತಿತಾ ಅಂತ ಸುಮ್ನೆ ನಡುನಡುವೆ ಕೈ ಎತ್ತಬೇಡಿ. ಆಮೇಲೆ ಪಾದದ ನಾಡಿ ಮುಟ್ಟಿ ನೋಡಿ, ಬರೆದಿಡಿ.