ಹಾಸನದ ಫೋಟೊಗಳಲ್ಲಿ ಹಾಸನದ ಜನ ಎಲ್ಲಿ?

ಎಲ್ಲರಿಗೂ ನಮಸ್ಕಾರ. ಹಾಸನದ ಫೋಟೊ ಎಂದು ಮೊಬೈಲಿನಲ್ಲಿ ಹುಡುಕಿ ನೋಡಿ. ಬೇಲೂರು, ಹಳೇಬೀಡು, ಶ್ರವಣಬೆಳಗೊಳದ ಗೊಮ್ಮಟ, ಹೇಮಾವತಿಯ ಹಿನ್ನೀರಿನಲ್ಲಿ ನಿಂತ ಶೆಟ್ಟಿಹಳ್ಳಿಯ ಹಳೆಯ ಚರ್ಚು. 2023ರಲ್ಲಿ ಹೊಯ್ಸಳ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಕೇಳುವುದೇ ಬೇಡ. ನನಗೂ ಅದು ಹೆಮ್ಮೆಯ ವಿಷಯವೇ. ಆದರೆ ಇಲ್ಲಿ ಹುಟ್ಟಿ, ಇಲ್ಲೇ ದುಡಿದು ತಿನ್ನುವವರ ಮುಖ ಆ ಚಿತ್ರಗಳಲ್ಲಿ ಕಾಣುವುದಿಲ್ಲ. ನನಗೆ ಬೇಸರ ತರುವುದು ಇದು.

ಭಾನುವಾರ ಸಂಜೆ ನಮ್ಮ ಬಸ್ ನಿಲ್ದಾಣಕ್ಕೆ ಹೋಗಿ. ಬೆಂಗಳೂರಿಗೆ ಮರಳುವ ಮಕ್ಕಳು, ಹತ್ತಿಸಲು ಬಂದ ಅಪ್ಪ ಅಮ್ಮಂದಿರು. ಹುಡುಗನ ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ತೆಂಗಿನಕಾಯಿ, ಕರಿಬೇವು, ಚಳಿಗಾಲವಾದರೆ ಸೊಗಡಿನ ಅವರೆಕಾಯಿ ತುಂಬಿ ಬಾಯಿ ಕಟ್ಟಿದ ಇನ್ನೊಂದು ಚೀಲ. ಬಸ್ಸು ಹೊರಟರೂ ಕಿಟಕಿಯ ಪಕ್ಕ ನಾಲ್ಕು ಹೆಜ್ಜೆ ನಡೆಯುತ್ತಾ ಅಮ್ಮ ಏನೋ ಹೇಳುತ್ತಲೇ ಇರುತ್ತಾಳೆ. ಬೆಂಗಳೂರು ಸುಮಾರು 180 ಕಿಲೋಮೀಟರ್. 2017ರಲ್ಲಿ ಕುಣಿಗಲ್ ಮೇಲೆ ನೇರ ರೈಲು ಮಾರ್ಗವೂ ಬಂತು. ಹೋಗಿಬರುವುದು ಸಲೀಸಾಯಿತು, ಹೋದವರು ಬಂದು ನೆಲೆಸುವುದು ಮಾತ್ರ ಅಪರೂಪ. ಮಹಾನಗರದ ಮಗ್ಗುಲಲ್ಲಿರುವ ಊರಿನ ಕಥೆಯನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಚಿತ್ರ ನನಗಂತೂ ಗೊತ್ತಿಲ್ಲ.

ಮೇ ತಿಂಗಳಿನಲ್ಲಿ ಎಪಿಎಂಸಿ ಪ್ರಾಂಗಣದಲ್ಲಿ ಬಿತ್ತನೆ ಆಲೂಗಡ್ಡೆಯ ವ್ಯಾಪಾರ. ಪಂಜಾಬಿನ ಜಲಂಧರ್ ಕಡೆಯಿಂದ ಬಂದ ಮೂಟೆಗಳು. ರೈತ ಒಂದು ಗೆಡ್ಡೆ ಎತ್ತಿ ಎರಡು ಹೋಳು ಮಾಡುತ್ತಾನೆ, ಒಳಗಿನ ಬಣ್ಣ ನೋಡುತ್ತಾನೆ, ಹೆಬ್ಬೆರಳಿನಿಂದ ಒತ್ತಿ, ಮೂಸಿ, ಪಕ್ಕದವನ ಮುಖ ನೋಡುತ್ತಾನೆ. ಆ ಹೆಬ್ಬೆರಳಿನ ಉಗುರಿನ ಸಂದಿಯ ಮಣ್ಣು, ಹೋಳಿನ ಮೇಲೆ ಜಿನುಗುವ ನೀರು, ಇಷ್ಟೇ ಸಾಕು, ಒಳ್ಳೆಯ ಚಿತ್ರವಾಗುತ್ತದೆ. ಆ ನೋಟದಲ್ಲಿ ಒಂದು ವರ್ಷದ ಸಾಲ ಇದೆ, ಅಂಗಮಾರಿ ರೋಗದ ಭಯವೂ ಇದೆ. ಆ ರೋಗಕ್ಕೆ ಬೇಸತ್ತು ಶುಂಠಿ, ಮುಸುಕಿನ ಜೋಳಕ್ಕೆ ಹೊರಳಿದವರು ಬಹಳ ಮಂದಿ. ಈ ಸಂತೆಯ ಗದ್ದಲ ಇನ್ನೆಷ್ಟು ವರ್ಷವೋ! ತೆಗೆಯುವುದಾದರೆ ಈಗಲೇ ತೆಗೆಯಬೇಕು.

ಇದರಲ್ಲೇನಿದೆ ವಿಶೇಷ ಎನ್ನುವವರು ಬೇಲೂರಿನ ಗುಡಿಯನ್ನೇ ಇನ್ನೊಮ್ಮೆ ನೋಡಲಿ. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯಲ್ಲಿ ಕನ್ನಡಿ ಹಿಡಿದು ಸಿಂಗರಿಸಿಕೊಳ್ಳುವ ಹೆಣ್ಣಿಗೂ ಜಾಗವಿದೆ. ಶಿಲ್ಪಿಗಳಿಗೆ ದಿನನಿತ್ಯದ ಬದುಕು ಕೀಳೆನಿಸಲಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿಟ್ಟರು. ಆದ್ದರಿಂದಲೇ 900 ವರ್ಷಗಳ ನಂತರವೂ ನಾವು ಅವರನ್ನು ಹೆಸರು ಹಿಡಿದು ಕರೆಯುತ್ತೇವೆ. ನಮ್ಮ ಫೋಟೊಗಳಿಗೆ ಊರೂ ಇಲ್ಲ, ತಾರೀಕೂ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದರೆ ಚಿತ್ರದೊಳಗೆ ದಾಖಲಾಗಿದ್ದ ದಿನ, ಜಾಗದ ವಿವರಗಳೂ ಅಳಿಸಿಹೋಗುತ್ತವೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ತೆಗೆಯುವ ಮುನ್ನ ಕೇಳಿ; ಬೇಡ ಎಂದರೆ ಕೈಮುಗಿದು ಮುಂದೆ ಹೋಗಿ. ಊರು, ತಾರೀಕು, ನಡೆಯುತ್ತಿದ್ದ ಕೆಲಸ ಬರೆದಿಡಿ. ಮೂಲ ಫೈಲನ್ನು ಬೇರೆ ಕಡೆಯೂ ಉಳಿಸಿ. ಒಂದು ಪ್ರತಿಯನ್ನು ಸ್ಟುಡಿಯೊದಲ್ಲಿ ಮುದ್ರಿಸಿ, ಚಿತ್ರದಲ್ಲಿರುವವರ ಮನೆಗೇ ಹೋಗಿ ಕೊಟ್ಟು ಬನ್ನಿ.